ಅರ್ಧಕ್ಕಿಂತ ಕಡಿಮೆ ಮಂದಿ

ತೆಂಗಿನಕಾಯಿಯ ಕರಟ ತೆಗೆದ ಮೇಲೆ ಒಳಗಿನ ತಿರುಳಿಗೆ ಒಂದು ಕಂದು ಸಿಪ್ಪೆ ಅಂಟಿಕೊಂಡಿರುತ್ತದೆ. ಅದನ್ನು ಹೆರೆದು ಕಾಯಿಯನ್ನು ಬೆಳ್ಳಗೆ ಮಾಡುವುದು ನನ್ನ ಕೆಲಸ. ಹಾಗೆ ಹೆರೆದ ಕಾಯಿಯನ್ನು ತೊಳೆದು, ಪುಡಿ ಮಾಡಿ, ಒಣಗಿಸಿ, ಚೀಲಕ್ಕೆ ತುಂಬಿ ಯಾವ ಯಾವುದೋ ದೇಶಕ್ಕೆ ಕಳಿಸುತ್ತಾರೆ. ಅಲ್ಲಿಯವರು ಬಿಸ್ಕತ್ತಿನ ಮೇಲೆ ಉದುರಿಸಿಕೊಂಡು ತಿನ್ನುತ್ತಾರಂತೆ. ತಿನ್ನಲಿ, ನನಗೇನು. ಅರಸೀಕೆರೆಯ ಹೊರಗಿನ ಈ ಕಾರ್ಖಾನೆಗೆ ನಾನು ಸೇರಿದಾಗ ನನ್ನ ಮಗಳು ಅಂಗನವಾಡಿಗೆ ಹೋಗುತ್ತಿದ್ದಳು, ಈಗ ಅವಳ ಮಗಳು ಹೋಗುತ್ತಿದ್ದಾಳೆ. ಕಾಯಿನೀರಿನ ಹುಳಿಗೆ ನನ್ನ ಬೆರಳಿನ ಸಂದಿಗಳು ಸೀಳುವುದು ಮಾತ್ರ ಇಷ್ಟು ವರ್ಷಗಳಲ್ಲಿ ನಿಂತಿಲ್ಲ.

ಹೆರೆಯುವವರು ಇಬ್ಬಿಬ್ಬರು ಜೋಡಿ. ಒಂದು ರಾಶಿಗೆ ಎದುರುಬದುರಾಗಿ ಕೂತು ಇಬ್ಬರೂ ಹೆರೆಯಬೇಕು. ಒಬ್ಬಳಿಗೆ ಮೈ ಸರಿಯಿಲ್ಲದಿದ್ದರೆ ಇನ್ನೊಬ್ಬಳು ಅವಳ ಪಾಲಿನದ್ದನ್ನೂ ಬಾಯಿ ಬಿಡದೆ ಮಾಡುತ್ತಾಳೆ, ಲೆಕ್ಕವನ್ನು ಇಬ್ಬರಿಗೂ ಸಮನಾಗಿ ಬರೆಸುತ್ತಾಳೆ. ನನ್ನ ಜೋಡಿ ಹುಲಿಕೆರೆಯವಳು. ನಾನು ಹಳೇಬೀಡಿನವಳು. ಹಾಗಾಗಿ ಅಕ್ಕಪಕ್ಕದ ಊರಿನವರು ಎಂಬ ಸಲಿಗೆ. ನನಗೆ ಕೋಪ ಮೂಗಿನ ತುದಿಯಲ್ಲಿ, ಅವಳಿಗೆ ನಗು ತುಟಿಯ ತುದಿಯಲ್ಲಿ. ನಾನು ಮೇಸ್ತ್ರಿಯ ಮೇಲೆ ಹಾರಾಡುವಾಗೆಲ್ಲ ಅವಳು ತಲೆ ಎತ್ತದೆ, "ಕಾಯಿ ಹೆರಿಯೇ ತಾಯಿ, ಅವ್ನನ್ನ ಆಮೇಲ್ ಹೆರಿವಂತೆ" ಎನ್ನುತ್ತಿದ್ದಳು.

ನಮ್ಮಲ್ಲಿ ಒಂದು ರೂಢಿ ಇತ್ತು. ಕೆಲಸದವರಲ್ಲಿ ಯಾರಾದರೂ ತೀರಿಕೊಂಡರೆ ಎಲ್ಲರೂ ಮಣ್ಣಿಗೆ ಹೋಗುವುದು. ಸುದ್ದಿ ಬಂದಾಗ ಯಾರೂ ಏಳಿ ಎಂದು ಹೇಳುತ್ತಿರಲಿಲ್ಲ. ಕೈಯಲ್ಲಿರುವ ಕಾಯಿಯನ್ನು ಮುಗಿಸಿ, ಕತ್ತಿ ತೊಳೆದು ಮಗುಚಿಟ್ಟು, ಸೆರಗು ಕೊಡವಿಕೊಂಡು ಗೇಟಿನ ಹತ್ತಿರ ಹೋಗಿ ನಿಲ್ಲುವುದು. ಬಾಯ್ಲರಿನವರು, ಕರಟ ಒಡೆಯುವವರು, ಚೀಲ ಹೊಲಿಯುವವರು ಎಲ್ಲರೂ ಬಂದು ಸೇರುತ್ತಿದ್ದರು. ಹಳೆಯ ಮಾಲೀಕರು ಇದ್ದಾಗ ಅವರೇ ಲಾರಿ ಕೊಟ್ಟು, ಒಂದು ಹೂವಿನ ಹಾರ ಕೊಟ್ಟು ಕಳಿಸುತ್ತಿದ್ದರು. ಅವರೇನು ದೇವರಂಥವರಲ್ಲ. ನಮಗೆ ಹೆಂಗಸರಿಗೆ ಕಕ್ಕಸು ಕಟ್ಟಿಸಿ ಎಂದು ಕೇಳಿ ಕೇಳಿ ಸಾಕಾಗಿ ಒಂದು ಸಲ ಗೇಟಿನ ಮುಂದೆ ಹುಣಸೆಮರದ ಕೆಳಗೆ ಕೂತುಬಿಟ್ಟೆವು. ಆಗ ಅವರು ಬಂದು ಬಾಯಿಗೆ ಬಂದಂತೆ ಬೈದರು, ನಾವೂ ಬೈದೆವು, ಕಕ್ಕಸು ಕಟ್ಟಿಸಿದರು. ಮುಷ್ಕರ ಎಂದರೆ ನನಗೆ ಗೊತ್ತಿದ್ದದ್ದು ಅಷ್ಟೇ. ಬಿಸಿಲಿನಲ್ಲಿ ಕೂರುವುದು, ಬೈಸಿಕೊಳ್ಳುವುದು, ಬೈಯುವುದು, ಎದ್ದು ಮತ್ತೆ ಕೆಲಸಕ್ಕೆ ಹೋಗುವುದು.

ಅವತ್ತು ನಮ್ಮನ್ನು ಕೂರಿಸಿದ್ದು ನಮ್ಮ ಕಾರ್ಮಿಕ ಸಂಘದ ಅಧ್ಯಕ್ಷರು. ಕರಟ ಒಡೆಯುವ ವಿಭಾಗದವರು, ಬೇಲೂರಿನಿಂದ ಆಚೆ ಅರೇಹಳ್ಳಿ ಕಡೆಯ ಹಳ್ಳಿಯವರು. ಹೆಂಡತಿ ಊರಿನಲ್ಲಿ ಗದ್ದೆ ನೋಡಿಕೊಂಡಿದ್ದರೆ ಇವರು ಅರಸೀಕೆರೆಯಲ್ಲಿ ಒಂದು ಕೋಣೆ ಹಿಡಿದು ಒಂಟಿಯಾಗಿ ಇದ್ದರು. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದದ್ದು. ರೈಲ್ವೆ ಗೇಟು ತೆರೆದೇ ಇದ್ದರೂ ಸೈಕಲ್ಲಿನಿಂದ ಇಳಿದು, ಎರಡೂ ಕಡೆ ನೋಡಿ, ತಳ್ಳಿಕೊಂಡು ದಾಟುವ ಮನುಷ್ಯ. "ಕಾನೂನು ನಮ್ ಕಡೀಗೈತೆ ಕಣ್ರವ್ವ" ಎಂಬುದು ಅವರ ಬಾಯಿಪಾಠ. ಕಾನೂನೇನು ನಿಮ್ಮ ಸೋದರಮಾವನಾ ಎಂದು ನಾನು ರೇಗಿಸುತ್ತಿದ್ದೆ. ಅವರಿಗೆ ಕೋಪವೇ ಬರುತ್ತಿರಲಿಲ್ಲ.

ಆಮೇಲೆ ಹಳೆಯ ಮಾಲೀಕರು ಕಾರ್ಖಾನೆ ಮಾರಿದರು. ಕೊಂಡವರ ಮುಖವನ್ನು ನಾವು ನೋಡಿಲ್ಲ. ಒಬ್ಬ ಮ್ಯಾನೇಜರ್ ಬಂದ. ಚಿಕ್ಕ ವಯಸ್ಸು, ಇಸ್ತ್ರಿ ಅಂಗಿ, ಎಲ್ಲರಿಗೂ ಮೇಡಂ ಎನ್ನುತ್ತಾನೆ. ಬೈಯುವುದೇ ಇಲ್ಲ. ಬೈಯದವನ ಜೊತೆ ಜಗಳವಾಡುವುದು ಹೇಗೆ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅದೇ ಹೊತ್ತಿಗೆ ದೆಹಲಿಯಲ್ಲಿ ಹಳೆಯ ಕಾರ್ಮಿಕ ಕಾಯ್ದೆಗಳನ್ನೆಲ್ಲ ತೆಗೆದು ಹೊಸ ಸಂಹಿತೆ ಎಂಬುದನ್ನು ಜಾರಿಗೆ ತಂದರು. ಅಣ್ಣ ಯಾವುದೋ ಸಭೆಗೆ ಹೋಗಿ ತಿಳಿದುಕೊಂಡು ಬಂದು ಊಟದ ಹೊತ್ತಿನಲ್ಲಿ ನಮಗೆ ವಿವರಿಸಿದರು. ಇನ್ನು ಮೇಲೆ ಯಾವ ಕಾರ್ಖಾನೆಯಲ್ಲೇ ಆಗಲಿ ಮುಷ್ಕರಕ್ಕೆ ಹದಿನಾಲ್ಕು ದಿನ ಮುಂಚೆ ನೋಟಿಸ್ ಕೊಡಬೇಕು. ನೋಟಿಸ್ ಕೊಟ್ಟರೆ ಅಧಿಕಾರಿಗಳ ಮುಂದೆ ರಾಜಿ ಮಾತುಕತೆ ಶುರುವಾಗುತ್ತದೆ. ಮಾತುಕತೆ ನಡೆಯುವಾಗ ಮುಷ್ಕರ ಮಾಡುವಂತಿಲ್ಲ.

"ಹಂಗಾದ್ರೆ ಮಾಡದು ಯಾವಾಗಣ್ಣ?" ಎಂದು ನನ್ನ ಜೋಡಿ ಕೇಳಿದಳು.

ಅಣ್ಣ ಮಜ್ಜಿಗೆಯ ಲೋಟ ಕೆಳಗಿಟ್ಟರು. "ಅದೇ ಗೊತ್ತಾಗ್ನಿಲ್ಲ ಕಣವ್ವ. ನೋಡನ. ಒಂದ್ ಮಾತ್ರ ನೆಪ್ಪಿಡ್ರಿ, ಹೇಳ್ದೆ ಕೇಳ್ದೆ ಗೇಟ್ ದಾಟ್ಬ್ಯಾಡಿ. ನಮ್ ಕಡೆಯಿಂದ ತೆಪ್ಪು ಇರ್‍ಬಾರ್‍ದು" ಎಂದರು. ನಾವೆಲ್ಲ ತಲೆಯಾಡಿಸಿದೆವು. ನಮಗಾಗ ಮುಷ್ಕರ ಮಾಡುವ ಯಾವ ಯೋಚನೆಯೂ ಇರಲಿಲ್ಲ. ಮುಚ್ಚಿದ ಬಾಗಿಲು ನಮ್ಮ ಮನೆಯದಲ್ಲ ಎಂದುಕೊಂಡು ಕೈ ತೊಳೆದು ಎದ್ದೆವು.

ಸಂಕ್ರಾಂತಿ ಕಳೆದ ಮೇಲೆ ನನ್ನ ಜೋಡಿ ತೀರಿಕೊಂಡಳು. ಎರಡು ದಿನ ಜ್ವರ ಎಂದು ಮನೆಯಲ್ಲಿದ್ದವಳು, ಮೂರನೆಯ ದಿನ ಬೆಳಿಗ್ಗೆ ಇಲ್ಲ. ನನಗೆ ಸುದ್ದಿ ಬಂದಾಗ ಅವಳ ಪಾಲಿನ ಕಾಯಿಗಳನ್ನೂ ನಾನೇ ಹೆರೆಯುತ್ತಿದ್ದೆ. ಮಣ್ಣು ಹುಲಿಕೆರೆಯಲ್ಲಿ, ಅವಳ ಅಣ್ಣತಮ್ಮಂದಿರ ತೋಟದಲ್ಲಿ ಎಂದು ಹೇಳಿದರು. ಎಲ್ಲರೂ ಕತ್ತಿ ತೊಳೆಯಲು ಎದ್ದರು.

ಅಣ್ಣ ಓಡಿ ಬಂದು ಅಡ್ಡ ನಿಂತರು. "ನಿಂತ್ಕಳಿ, ನಿಂತ್ಕಳಿ. ಹಿಂಗೇ ಹೊಂಟ್ರೆ ಹೇಳ್ದೆ ಹೋದ್ರು ಅಂತಾರೆ. ಎಲ್ಲರೂ ಒಂದೊಂದ್ ರಜೆ ಚೀಟಿ ಬರ್‍ದುಕೊಡನ. ಕಾನೂನ್ ಪ್ರಕಾರವೇ ಹೋಗನ" ಎಂದರು. ಇಷ್ಟು ವರ್ಷ ಯಾವ ಮಣ್ಣಿಗೂ ನಾವು ಚೀಟಿ ಬರೆದವರಲ್ಲ. ಆದರೂ ಅವರ ಮಾತು ಸರಿ ಎನಿಸಿತು. ಬರೆಯಲು ಬಲ್ಲವರು ತಾವೇ ಬರೆದುಕೊಂಡರು, ಉಳಿದವರಿಗೆ ನಾನು ಬರೆದೆ. ನನ್ನ ಜೋಡಿಯ ಸಾವನ್ನು ಕಾಗದದ ಚೂರುಗಳ ಮೇಲೆ ಮತ್ತೆ ಮತ್ತೆ ಬರೆಯುತ್ತ ಬರೆಯುತ್ತ ನನಗೆ ಅಳು ಕೂಡ ಬರಲಿಲ್ಲ, ಕೈ ನೋಯುತ್ತಿತ್ತು. ಅಣ್ಣ ಅವನ್ನೆಲ್ಲ ಒಟ್ಟು ಮಾಡಿ, ರಬ್ಬರ್ ಬ್ಯಾಂಡ್ ಹಾಕಿ, ಮ್ಯಾನೇಜರ್ ಇರಲಿಲ್ಲವಾದ್ದರಿಂದ ಅವನ ಮೇಜಿನ ಮೇಲೆ ಇಟ್ಟು ಬಂದರು. ಬರುವಾಗ ಅವರ ಮುಖದಲ್ಲಿ ಒಂದು ಸಮಾಧಾನ ಇತ್ತು. ಲೋಕದಲ್ಲಿ ಮಾಡಬೇಕಾದದ್ದನ್ನೆಲ್ಲ ಕ್ರಮವಾಗಿ ಮಾಡಿದವರ ಸಮಾಧಾನ.

ಜಾವಗಲ್ಲಿನ ಮೇಲೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡು, ಟೆಂಪೊಗಳಲ್ಲಿ ತುರುಕಿಕೊಂಡು ಹುಲಿಕೆರೆ ತಲುಪಿದೆವು. ಊರಿನ ಹಳೆಯ ಕಲ್ಯಾಣಿ ನೋಡಲು ಬಂದ ಯಾರೋ ಇಬ್ಬರು ಪ್ರವಾಸಿಗಳು ನಮ್ಮ ಗುಂಪನ್ನು ನೋಡಿ, ಜಾತ್ರೆಯೇನಾದರೂ ಇದೆಯಾ ಎಂದು ಕೇಳಿದರು. ಮೂರು ಹಿಡಿ ಮಣ್ಣು ಹಾಕುವ ಹೊತ್ತಿಗೆ ಸಾಲು ತೋಟದ ಬೇಲಿ ದಾಟಿ ರಸ್ತೆಯವರೆಗೆ ಇತ್ತು. ಅವಳ ಅಮ್ಮ, ತುಂಬಾ ಹಣ್ಣು ಮುದುಕಿ, ಆ ಸಾಲನ್ನು ನೋಡುತ್ತ ನೋಡುತ್ತ ಅಳು ನಿಲ್ಲಿಸಿದರು. "ನನ್ ಮಗ್ಳು ಇಷ್ಟು ಜನ ಸಂಪಾದ್ಸಿದ್ಲಾ" ಎಂದರು. ಆಗ ನಾನು ಅತ್ತೆ.

ಮಾರನೆಯ ದಿನ ಗೇಟಿನಲ್ಲಿ ನೋಟಿಸ್ ಅಂಟಿಸಿದ್ದರು. ನಿನ್ನೆ ನಡೆದದ್ದು ಅಕ್ರಮ ಮುಷ್ಕರ. ಕರೆ ಕೊಟ್ಟವರೆಂದು ಅಣ್ಣನನ್ನು ಅಮಾನತು ಮಾಡಿ, ವಿಚಾರಣೆ ನಡೆಸಿ ವಜಾ ಮಾಡುವುದಾಗಿ ಬರೆದಿತ್ತು. ನಾನು ಮ್ಯಾನೇಜರ್ ಕೋಣೆಗೆ ನುಗ್ಗಿದೆ. ಅವನು ಎದ್ದು ನಿಂತು, ಕುರ್ಚಿ ತೋರಿಸಿ, ಬಹಳ ದುಃಖದ ದನಿಯಲ್ಲಿ ಹೇಳಿದ. ಹೊಸ ಸಂಹಿತೆಯ ಪ್ರಕಾರ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರು ಒಟ್ಟುಗೂಡಿ ಒಂದೇ ದಿನ ರಜೆ ಹಾಕಿದರೆ ಅದೂ ಮುಷ್ಕರವೇ. ನೋಟಿಸ್ ಇಲ್ಲದ ಮುಷ್ಕರ ಅಕ್ರಮ. "ಸುಮ್ನೆ ಹೋಗಿದ್ರೆ ಒಟ್ಟಾಗಿ ಹೋದ್ರಿ ಅಂತ ತೋರಿಸೋದು ನಮಗೂ ಕಷ್ಟ ಆಗ್ತಿತ್ತು ಮೇಡಂ. ನೀವೇ ಕಟ್ಟು ಕಟ್ಟಿ ಕೊಟ್ಟಿದ್ದೀರಲ್ಲ" ಎಂದು ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳನ್ನು ತೋರಿಸಿದ. ಹೆಚ್ಚಿನವು ನನ್ನ ಅಕ್ಷರದಲ್ಲೇ ಇದ್ದವು. ಹೆಂಗಸೊಬ್ಬಳು ಸತ್ತದ್ದನ್ನು ಹದಿನಾಲ್ಕು ದಿನ ಮುಂಚೆ ಹೇಳಿ ಎನ್ನುತ್ತೀರಾ ಎಂದು ಕೂಗಿದೆ. ಅವನು ನೀರಿನ ಬಾಟಲಿ ನನ್ನ ಕಡೆ ಸರಿಸಿದ.

ಅಣ್ಣನಿಗೆ ನಿವೃತ್ತಿ ಹತ್ತಿರದಲ್ಲೇ ಇತ್ತು. ಈಗ ವಜಾ ಆದರೆ ಇಷ್ಟು ವರ್ಷ ದುಡಿದದ್ದಕ್ಕೆ ಕೊನೆಯಲ್ಲಿ ಸಿಗಬೇಕಾದದ್ದು ಕೈಗೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ಕಾನೂನು ಮುರಿದ ಎನಿಸಿಕೊಂಡು ಹೊರಗೆ ಹೋಗುವುದು ಆ ಮನುಷ್ಯನಿಗೆ ಸಾಧ್ಯವೇ ಇರಲಿಲ್ಲ. ಗೇಟಿನ ಹೊರಗೆ ಸೈಕಲ್ ಹಿಡಿದುಕೊಂಡು ನಿಂತು, ಬಂದವರಿಗೆಲ್ಲ, "ನಾನೇ ಚೀಟಿ ಬರೀರಿ ಅಂದೋನು, ನಾನೇ ಅಂದೋನು" ಎನ್ನುತ್ತಿದ್ದರು.

ಸುಮ್ಮನಿರಲಿಲ್ಲ ನಾವು, ಅಷ್ಟು ಹೇಳಬೇಕು. ಊರೊಳಗೆ ಬಸ್ ಸ್ಟ್ಯಾಂಡಿನ ಎದುರು ಒಂದು ದಿನ ಫಲಕ ಹಿಡಿದು ನಿಲ್ಲೋಣ ಎಂದುಕೊಂಡೆವು. ಮೊದಲಾದರೆ ಹೋಗಿ ನಿಂತರೆ ಮುಗಿಯುತ್ತಿತ್ತು. ಈಗ ಅನುಮತಿ ಬೇಕಂತೆ. ಅಣ್ಣ ಅನುಮತಿ ಪಡೆಯದೆ ಹೆಜ್ಜೆ ಇಡುವವರಲ್ಲ. ಅರ್ಜಿ ಹಾಕಿ, ಅಲೆದು, ಕೊನೆಗೆ ಊರ ಹೊರಗಿನ ಬಯಲಿನಲ್ಲಿ ಮೈಕಿಲ್ಲದೆ ನಿಲ್ಲಬಹುದು ಎಂದಾಯಿತು. ನಿಂತೆವು. ಎಮ್ಮೆ ಮೇಯಿಸುವ ಒಬ್ಬರು ಬಂದು ಏನು ಎತ್ತ ಎಂದು ವಿಚಾರಿಸಿ, ಪಾಪ ಅಂದು ಹೋದರು. ಘೋಷಣೆ ಕೂಗಿ ಕೂಗಿ ಗಂಟಲು ಕಟ್ಟಿದ್ದೊಂದು ಬಂತು. ಬಿಸಿಲಿನಲ್ಲಿ ನಡೆದು ವಾಪಸ್ ಬರುವಾಗ ನನಗೆ ಮೊದಲ ಸಲ ಸಾಕು ಎನಿಸಿತು. ಸಿಟ್ಟಿಗೂ ಮೈಯಲ್ಲಿ ಶಕ್ತಿ ಬೇಕು.

ವಿಚಾರಣೆಗೆ ಹೊರಗಿನಿಂದ ಒಬ್ಬ ವಕೀಲರು ಬಂದರು. ನನ್ನನ್ನು ಕರೆದು, ಕರೆ ಕೊಟ್ಟದ್ದು ಯಾರು ಎಂದು ಕೇಳಿದರು.

"ಸತ್ತೋಳೇ ಕೊಟ್ಟಿದ್ದು ಸ್ವಾಮಿ. ಅವ್ಳನ್ನೇ ಕರೆಸಿ ಕೇಳಿ" ಎಂದೆ. ಅವರು ಬರೆದುಕೊಳ್ಳಲಿಲ್ಲ.

ಆಮೇಲೆ ಮ್ಯಾನೇಜರ್ ಒಂದು ದಾರಿ ಹೇಳಿದ. ಎಲ್ಲರೂ ಒಂದು ಹೇಳಿಕೆಗೆ ಸಹಿ ಮಾಡಬೇಕು. ಅವತ್ತು ನಾವು ಮಾಡಿದ್ದು ಅಕ್ರಮ ಮುಷ್ಕರ, ತಪ್ಪಾಯಿತು, ಇನ್ನು ಮುಂದೆ ಯಾವುದೇ ಕಾರಣಕ್ಕೂ ಅರ್ಧದಷ್ಟು ಜನ ಒಟ್ಟಿಗೆ ರಜೆ ಹಾಕುವುದಿಲ್ಲ ಎಂದು. ಎಲ್ಲರೂ ಮಾಡಿದರೆ ಅಣ್ಣನ ಮೇಲಿನ ಕ್ರಮ ಕೈಬಿಡುತ್ತಾರೆ. ಒಬ್ಬರು ಬಿಟ್ಟರೂ ಇಲ್ಲ.

ಅಣ್ಣ ಅದನ್ನು ಕೇಳಿ ನಮ್ಮನ್ನು ಹುಣಸೆಮರದ ಹತ್ತಿರ ಸೇರಿಸಿದರು. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಯಾರೂ ಸೈನ್ ಹಾಕ್ಬ್ಯಾಡಿ. ಮುಷ್ಕರ ಮಾಡಿದ್ರೆ ನಾನೇ ಮಾಡ್ಸಿದ್ದು ಅಂತ ಎದೆ ತಟ್ಕೊಂಡು ಹೇಳ್ತಿದ್ದೆ. ಮಣ್ಣಿಗ್ ಹೋಗಿದ್ದನ್ನ ಮುಷ್ಕರ ಅಂತ ಬರ್‍ಕೊಟ್ರೆ ನಾಳೆ ಏನೇನ್ ಬರ್‍ಸ್ಕತಾರೋ. ನನ್ ಕೆಲ್ಸ ಹೋದ್ರೆ ಹೋಗ್ಲಿ. ಊರಲ್ಲಿ ಗದ್ದೆ ಐತೆ."

ಅವರು ಹೇಳಿದ್ದು ಸರಿ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಸಹಿ ಮಾಡಿದೆವು. ಅವರ ಮಾತನ್ನು ಮೀರಿ, ಅವರಿಗೋಸ್ಕರವೇ. ಒಬ್ಬೊಬ್ಬರಾಗಿ ಆ ಕೋಣೆಗೆ ಹೋಗಿ ಬರುತ್ತಿದ್ದರು, ಹೊರಗೆ ಬಂದು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಾನು ಕೊನೆಯವಳು. ಮೂರು ದಿನ ಹಟ ಹಿಡಿದೆ. ಬಾಯ್ಲರಿನವರೊಬ್ಬರು ಬಂದು, "ಏನಕ್ಕ, ಅವ್ರ ಹೊಟ್ಟೆ ಮೇಲೆ ಹೊಡೀತೀಯಾ?" ಎಂದಾಗ ಹೋಗಿ ಸಹಿ ಹಾಕಿದೆ. ನನ್ನ ಜೋಡಿಗೆ ಮಣ್ಣು ಹಾಕಿದ್ದು ತಪ್ಪಾಯಿತು ಎಂದು ನನ್ನದೇ ಹೆಸರು ಬರೆದುಕೊಟ್ಟೆ. ಆ ದಿನದ ಬಗ್ಗೆ ಯೋಚಿಸಿದರೆ ಈಗಲೂ ಬಾಯಿ ಕಹಿಯಾಗುತ್ತದೆ.

ಅಣ್ಣ ಕೆಲಸಕ್ಕೆ ವಾಪಸ್ ಬಂದರು. ಯಾರನ್ನೂ ಬೈಯಲಿಲ್ಲ, ಯಾರ ಜೊತೆಯೂ ಹೆಚ್ಚು ಮಾತಾಡಲಿಲ್ಲ. ಊಟದ ಹೊತ್ತಿನಲ್ಲಿ ಸಭೆ, ವಿವರಣೆ, ಯಾವುದೂ ಇಲ್ಲ. ಒಂದು ದಿನ ನಾನೇ ಹೋಗಿ, ಕಾನೂನು ಹೇಗಿದೆಯಣ್ಣ, ಸೌಖ್ಯವಾ ಎಂದು ರೇಗಿಸಿದೆ. ನಗುತ್ತಾರೇನೋ ಎಂಬ ಆಸೆ. "ಓದಿದೀನಿ ಕಣವ್ವ, ತಿರುಗಾ ತಿರುಗಾ ಓದಿದೀನಿ. ಅದು ಹಂಗೇ ಐತೆ. ಬರ್‍ದಿರೋದು ಹಂಗೇ ಐತೆ" ಎಂದು ಕರಟದ ರಾಶಿಯ ಕಡೆ ತಿರುಗಿಕೊಂಡರು. ನನಗೆ ಕೇಳಬಾರದಿತ್ತು ಎನಿಸಿತು.

ಮುಂಗಾರು ಶುರುವಾಗುವ ಹೊತ್ತಿಗೆ ರಜೆಯ ಮೇಲೆ ನಾಟಿಗೆ ಗದ್ದೆ ಹಸನು ಮಾಡಿಸಲು ಊರಿಗೆ ಹೋದ ಅಣ್ಣ ಗದ್ದೆಯ ಬದುವಿನ ಮೇಲೆ ಕುಸಿದು ಕೂತರಂತೆ. ಆಸ್ಪತ್ರೆಗೆ ಎತ್ತಿಕೊಂಡು ಹೋಗುವಷ್ಟರಲ್ಲಿ ಮುಗಿದಿತ್ತು. ಸುದ್ದಿ ಬೆಳಿಗ್ಗೆಯ ಪಾಳಿಗೆ ಬಂತು. ಮಧ್ಯಾಹ್ನದ ಮೇಲೆ ಮಣ್ಣು.

ಎಲ್ಲರೂ ಕೈಯಲ್ಲಿದ್ದ ಕಾಯಿಯನ್ನು ಮುಗಿಸಿದರು. ಕತ್ತಿ ತೊಳೆಯಲು ಮಾತ್ರ ಯಾರೂ ಏಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮ್ಯಾನೇಜರ್ ತಾನೇ ಒಳಗೆ ಬಂದ. "ತುಂಬಾ ಒಳ್ಳೆ ಮನುಷ್ಯ. ಹೋಗಿ ಬನ್ನಿ, ದಯವಿಟ್ಟು. ಸಂಖ್ಯೆ ಒಂದು ನೋಡ್ಕೊಳ್ಳಿ" ಎಂದ.

ಕೈತೊಳೆಯುವ ನಲ್ಲಿಯ ಹತ್ತಿರ ನಿಂತು ಯಾರು ಹೋಗಬೇಕು, ಯಾರು ಉಳಿಯಬೇಕು ಎಂದು ಆರಿಸಿದೆವು. ಇದಕ್ಕಿಂತ ಹೀನವಾದ ಕೆಲಸವನ್ನು ನಾನು ಮಾಡಿಲ್ಲ. ಕರಟ ಒಡೆಯುವವರೆಲ್ಲ ಹೋಗಲೇಬೇಕು ಎಂದರು. ಅವರೆಲ್ಲ ಹೋದರೆ ನಾವು ಹೆರೆಯುವವರು ಹೋಗುವುದು ಬೇಡವಾ ಎಂದು ನಾವು. ನನ್ನ ಮಗನ ಮದುವೆಗೆ ಮುಂದೆ ನಿಂತವರು ಅವರು ಎಂದು ಒಬ್ಬಳು. ನನ್ನ ಗಂಡ ಬಿದ್ದಾಗ ರಕ್ತ ಕೊಟ್ಟವರು ಎಂದು ಇನ್ನೊಬ್ಬಳು. ಅಣ್ಣ ಬದುಕಿದ್ದಿದ್ದರೆ, ಜಗಳ ಬೇಡ ಕಣ್ರವ್ವ ಎಂದು ತಾವೇ ಉಳಿದುಬಿಡುತ್ತಿದ್ದರು. ಅರ್ಧಕ್ಕಿಂತ ಕಡಿಮೆ ಎಂದರೂ ಬೇಕಾದಷ್ಟು ಜನ ಹೋಗಬಹುದಿತ್ತು. ಆದರೆ ಇವತ್ತು ಬೇರೆ ಕಾರಣಕ್ಕೆ ರಜೆ ಹಾಕಿದವರನ್ನೂ ಇದಕ್ಕೇ ಸೇರಿಸಿಬಿಟ್ಟರೆ ಎಂದು ಯಾರೋ ಅನುಮಾನ ಎತ್ತಿದರು. ಸಹಿ ಹಾಕಿದ್ದು ಎಲ್ಲರಿಗೂ ನೆನಪಿತ್ತು. ಹೋಗುತ್ತೇವೆ ಎಂದವರಲ್ಲಿ ಒಬ್ಬೊಬ್ಬರೇ ಹಿಂದೆ ಸರಿದರು. ಕೊನೆಗೆ ಒಂದು ಟೆಂಪೊ ತುಂಬುವಷ್ಟು ಮಂದಿಯೂ ಉಳಿಯಲಿಲ್ಲ. ಅವರ ಹೆಂಡತಿಯ ಪರಿಚಯ ಇದೆ ಎಂದು ನನ್ನನ್ನು ಕಳಿಸಿದರು. ಹೊರಡುವಾಗ ಉಳಿದವರು ನಮ್ಮ ಕಡೆ ನೋಡದೆ ಹೆರೆಯುತ್ತಿದ್ದರು. ಅಷ್ಟು ಜೋರಾಗಿ ಕೆಲಸ ಮಾಡಿದ್ದನ್ನು ನಾನು ಯಾವತ್ತೂ ನೋಡಿಲ್ಲ.

ಹಳೇಬೀಡು ದಾಟಿ, ಬೇಲೂರಿನಲ್ಲಿ ಪ್ರವಾಸಿ ಬಸ್ಸುಗಳ ನಡುವೆ ಸಿಕ್ಕಿಕೊಂಡು, ಅರೇಹಳ್ಳಿ ರಸ್ತೆ ಹಿಡಿದು ಹೋದೆವು. ದಾರಿಯುದ್ದಕ್ಕೂ ತುಂತುರು ಹನಿ. ಮನೆಯ ಮುಂದೆ ಭತ್ತ ಬಡಿಯುವ ಕಣವನ್ನು ಗುಡಿಸಿ, ಪಕ್ಕದ ಮನೆಗಳಿಂದ ತಂದ ಟಾರ್ಪಾಲುಗಳನ್ನು ಒಂದಕ್ಕೊಂದು ಹೊಲಿದು ಕಟ್ಟಿದ್ದರು. ಒಂದು ಮೂಲೆಯಲ್ಲಿ ದೊಡ್ಡ ಹಂಡೆಯಲ್ಲಿ ನೀರು, ಮಗುಚಿಟ್ಟ ಲೋಟಗಳ ರಾಶಿ. ನಾವು ಇಳಿದು ಆ ಟಾರ್ಪಾಲಿನ ಕೆಳಗೆ ನಿಂತರೆ ಒಂದು ಮೂಲೆಯೂ ತುಂಬಲಿಲ್ಲ. ಊರಿನವರೊಬ್ಬರು ನಮ್ಮ ಹಿಂದೆ ರಸ್ತೆಯನ್ನು ನೋಡಿ, "ಇನ್ನೂ ಗಾಡಿ ಬತ್ತಾ ಅದಾವಾ?" ಎಂದರು. ಇಲ್ಲ ಎಂದೆ. ಅವರು ಒಳಗೆ ಹೋಗಿ ಹೇಳಿದರು. ಸ್ವಲ್ಪ ಹೊತ್ತು ಕಾದರು. ಆಮೇಲೆ ಎತ್ತಿದರು.

ಎಲ್ಲ ಮುಗಿದ ಮೇಲೆ ಅವರ ಹೆಂಡತಿ ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದರು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. ನನ್ನ ಕೈ ಹಿಡಿದುಕೊಂಡರು.

"ಒಂದ್ ಮಾತು ಕೇಳ್ತೀನಿ, ನಿಜ ಹೇಳವ್ವ. ನಾನೇನೂ ಬೇಜಾರ್ ಮಾಡ್ಕಳಲ್ಲ. ನಮ್ಮನೆಯವ್ರು ಅಲ್ಲಿ ಯಾರ್‍ಗಾದ್ರೂ ಅನ್ಯಾಯ ಮಾಡಿದ್ರಾ?"

"ಅಯ್ಯೋ, ಏನಕ್ಕ ಹಿಂಗಂತೀರಿ? ಎಲ್ರಿಗೂ ಅವ್ರಂದ್ರೆ ಪ್ರಾಣ."

"ಮತ್ಯಾಕವ್ವ ಯಾರೂ ಬರ್‍ನಿಲ್ಲ?"

ನಾನು ಹೇಳಲು ನೋಡಿದೆ. ಹೊಸ ಕಾಯ್ದೆ ಬಂದಿದೆ, ಅರ್ಧಕ್ಕಿಂತ ಹೆಚ್ಚು ಜನ ಒಟ್ಟಿಗೆ ಬಂದರೆ ಮುಷ್ಕರ ಎನ್ನುತ್ತಾರೆ, ಅಣ್ಣನ ಕೆಲಸ ಉಳಿಸಲೆಂದೇ ನಾವು ಸಹಿ ಮಾಡಿಕೊಟ್ಟಿದ್ದೇವೆ ಎಂದೆಲ್ಲ. ಆ ವಿಷಯ ಒಂದನ್ನೂ ಅಣ್ಣ ಮನೆಯಲ್ಲಿ ಹೇಳಿರಲಿಲ್ಲ ಎಂದು ಅವರ ಮುಖ ನೋಡಿದಾಗ ತಿಳಿಯಿತು. ಹೇಳುತ್ತ ಹೇಳುತ್ತ ನನಗೇ ಅದು ಸುಳ್ಳಿನ ಹಾಗೆ ಕೇಳಿಸತೊಡಗಿತು. ಮಣ್ಣಿಗೆ ಬರುವುದಕ್ಕೂ ಕಾನೂನು ಅಡ್ಡ ಬಂತು ಎಂದು ಯಾರಾದರೂ ಬಂದು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಕೈಯನ್ನು ಮೆಲ್ಲಗೆ ತಟ್ಟಿ ಬಿಟ್ಟರು.

"ಹೋಗ್ಲಿ ಬಿಡವ್ವ. ನೀನು ಒಳ್ಳೇಳು. ಸತ್ತೋರ ಮಾನ ಕಾಯಕ್ಕೆ ಏನೋ ಒಂದು ಹೇಳ್ತಿದ್ದೀಯ" ಎಂದು ಒಳಗೆ ಹೋದರು.